ಟೀಚರ್ ಕೊಟ್ಟ ಬಾಟಲಿ

ವ್ಯಾಪಾರದಲ್ಲಿ ಸ್ಯಾಂಪಲ್ ಎಂದರೆ ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದವರಿಗೆ ನಾನು ಮಾಡಿದ್ದು ಅರ್ಥವಾಗಲಿಕ್ಕಿಲ್ಲ.

ಕಾಳುಮೆಣಸು ಇರಲಿ, ಗೇರುಬೀಜ ಇರಲಿ, ಇದ್ದಿಲು ಇರಲಿ, ಮಾರುವವನು ಚೀಲಕ್ಕೆ ಕೈಹಾಕಿ ಸಿಕ್ಕಿದ್ದನ್ನು ಸ್ಯಾಂಪಲ್ ಎಂದು ಕೊಡುವುದಿಲ್ಲ. ಮೊರದಲ್ಲಿ ಹರಡಿ, ಬೆಳಕಿಗೆ ಹಿಡಿದು, ಒಳ್ಳೆಯದನ್ನು ಆರಿಸಿ, ಪೊಟ್ಟಣ ಕಟ್ಟಿ ಕೊಡುತ್ತಾನೆ. ಕೊಳ್ಳುವವನಿಗೂ ಅದು ಗೊತ್ತು. ಅವನು ಪೊಟ್ಟಣ ಬಿಚ್ಚಿ ನೋಡಿ, ಮನಸ್ಸಿನಲ್ಲೇ ಒಂದಿಷ್ಟು ಕಳೆದು ದರ ಹೇಳುತ್ತಾನೆ. ಇಬ್ಬರೂ ನಗುತ್ತಾರೆ, ಚಹಾ ಕುಡಿಯುತ್ತಾರೆ. ನಮ್ಮ ಕಡೆ ಇದನ್ನು ಮೋಸ ಎನ್ನುವವರನ್ನು ನಾನು ಕಂಡಿಲ್ಲ. ಆರಿಸದೆ ಕೊಟ್ಟವನನ್ನು ಮಾತ್ರ ಪೆದ್ದ ಎನ್ನುತ್ತಾರೆ.

ನಾನು ಪೆದ್ದನಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟು ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿದವನು. ಬಂಟ್ವಾಳದ ಎಣ್ಣೆ ಗಿರಣಿಗಳ ಹಿಂಬದಿ, ಬೆಳ್ತಂಗಡಿಯ ಹೋಟೆಲುಗಳ ಹಿಂಬಾಗಿಲು, ಮೂಡಬಿದಿರೆಯ ಮದುವೆ ಹಾಲ್‌ಗಳ ಅಡುಗೆ ಕೊಟ್ಟಿಗೆ, ಎಲ್ಲೆಲ್ಲಿ ತೆಂಗಿನಕಾಯಿ ಒಡೆಯುತ್ತಾರೋ ಅಲ್ಲೆಲ್ಲ ಹೋಗಿ, ಅವರು ಎಸೆಯುವ ಗೆರಟೆಯನ್ನು ಕೊಂಡು ತರುತ್ತಿದ್ದೆ. ತೆಂಗಿನ ಚಿಪ್ಪಿಗೆ ನಮ್ಮಲ್ಲಿ ಗೆರಟೆ ಎನ್ನುತ್ತಾರೆ. ಎಸೆಯುವ ವಸ್ತುವನ್ನು ಕೊಳ್ಳುವಾಗ ಒಂದು ವಿಷಯ ನೆನಪಿರಲಿ: ನಿಮಗೆ ಅದು ಬೇಕು ಎಂದು ಮುಖದಲ್ಲಿ ತೋರಿಸಬೇಡಿ. ಅವರ ಜಾಗ ಖಾಲಿ ಮಾಡಿಕೊಡುವ ಉಪಕಾರಕ್ಕೆ ಬಂದವರ ಹಾಗೆ ನಿಲ್ಲಿ. ನಾನು ಹಾಗೆ ನಿಂತು ನಿಂತೇ ಸೈಕಲ್ಲಿನಿಂದ ಪಿಕಪ್ಪಿಗೆ ಬಂದೆ. ಮುಂಡಾಜೆ ದಾಟಿ ಕಕ್ಕಿಂಜೆಗೆ ಹೋಗುವ ರಸ್ತೆಯ ಕೆಳಬದಿಯಲ್ಲಿ ತೂತು ತೂತಾದ ಕೆಂಪು ಮುರಕಲ್ಲಿನ ಒಂದು ಗುಡ್ಡೆ ಜಾಗ ಹಿಡಿದು ಇದ್ದಿಲಿನ ಭಟ್ಟಿ ಹಾಕಿದೆ.

ಭಟ್ಟಿ ಎಂದರೆ ದೊಡ್ಡದೇನಲ್ಲ. ರಸ್ತೆಗೆ ಟಾರು ಹಾಕುವವರು ಬಿಟ್ಟುಹೋದ ಡ್ರಮ್ಮುಗಳು. ಅದರಲ್ಲಿ ಗೆರಟೆ ತುಂಬಿ ಬೆಂಕಿ ಕೊಟ್ಟರೆ ಮೊದಲು ಬಿಳಿ ಹೊಗೆ, ಆಮೇಲೆ ಹಳದಿ, ಕೊನೆಗೆ ಕಂಡೂ ಕಾಣದ ನೀಲಿ. ಆ ನೀಲಿ ಬಂದ ಗಳಿಗೆಗೆ ಮುಚ್ಚಳ ಹಾಕಿ, ಸುತ್ತ ಹಸಿ ಕೆಂಪುಮಣ್ಣು ಮೆತ್ತಿ, ಮೇಲಿಂದ ನೀರು ಹೊಯ್ಯಬೇಕು. ಒಂದು ಕ್ಷಣ ಮುಂಚೆ ಮುಚ್ಚಿದರೆ ಅರೆಬೆಂದದ್ದು, ತಡವಾದರೆ ಬೂದಿ. ಹೊಯ್ದ ನೀರು ಕಂದು ಬಣ್ಣಕ್ಕೆ ತಿರುಗಿ, ಹೊಗೆಯ ವಾಸನೆ ಹೊತ್ತು, ಜಾಗದ ತಗ್ಗಿನ ಮೂಲೆಗೆ ಹರಿದುಹೋಗಿ ಅಲ್ಲೇ ಇಂಗುತ್ತಿತ್ತು. ಎಲ್ಲಿಗೆ ಇಂಗುತ್ತದೆ ಎಂದು ನಾನು ಕೇಳಿಕೊಂಡವನಲ್ಲ. ಆ ತಗ್ಗಿನ ಕೆಳಗೆ, ಬೇಲಿಯ ಆಚೆ, ಒಬ್ಬರು ಟೀಚರ್ ಮನೆ ಇತ್ತು. ಪ್ರೈಮರಿ ಶಾಲೆಯಿಂದ ನಿವೃತ್ತರಾದವರು, ಒಬ್ಬರೇ ಇರುವವರು. ನನ್ನ ಎರಡೂ ಮಕ್ಕಳಿಗೆ ಅಕ್ಷರ ಕಲಿಸಿದವರು. ಅಂಗಳದಲ್ಲೇ ಬಾವಿ. ನಮ್ಮ ಮನೆ ರಸ್ತೆಯ ಮೇಲ್ಬದಿಯಲ್ಲಿ, ನಮ್ಮದು ಬೋರ್‌ವೆಲ್.

ಒಂದು ದಿನ ಮೂಡಬಿದಿರೆ ಕಡೆಯಿಂದ ಸ್ಕೂಟರಿನಲ್ಲಿ ಒಬ್ಬರು ಬಂದರು. ಮೂವತ್ತು ದಾಟಿದ ಗಂಡಸು, ಮದುವೆಯಾದವರು. ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದೇನೆ, ಇದ್ದಿಲಿನಿಂದ ನೀರು ಶುದ್ಧ ಮಾಡುವ ವಿಷಯ ಎಂದು ಪರಿಚಯ ಹೇಳಿಕೊಂಡರು. ಅವರಿಗೆ ಬೇಕಾದದ್ದು ಒಂದೇ ಜಾಗದಲ್ಲಿ, ಒಂದೇ ಕೈಯಲ್ಲಿ ಸುಟ್ಟ ಗೆರಟೆ ಇದ್ದಿಲು, ವರ್ಷಗಟ್ಟಲೆ. ಪೇಟೆಯಲ್ಲಿ ಕೊಂಡರೆ ಇಂದು ಒಂದು ಥರ, ನಾಳೆ ಒಂದು ಥರ ಬರುತ್ತದೆ, ಹಾಗಾದರೆ ಅವರ ಪ್ರಯೋಗವೆಲ್ಲ ಕೆಡುತ್ತದಂತೆ.

ನಾನು ಎಂದಿನಂತೆ ಆಸಕ್ತಿ ಇಲ್ಲದವನ ಹಾಗೆ ನಿಂತೆ. ಅವರು ಒಂದು ತುಂಡು ಎತ್ತಿಕೊಂಡು, ಇದು ಹೊರಗಿನಿಂದ ಕಪ್ಪು ಕಲ್ಲಿನ ಹಾಗೆ ಕಂಡರೂ ಒಳಗೆ ಪೂರ್ತಿ ಕಿಂಡಿ, ಕಿಂಡಿಯೊಳಗೆ ಕಿಂಡಿ, ಒಂದು ಹಿಡಿ ಇದ್ದಿಲಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಶಾಲೆಯ ಮೈದಾನ ಮುಚ್ಚುತ್ತದೆ, ನೀರಿನ ಕೊಳಕು ಹೋಗಿ ಆ ಗೋಡೆಗಳಿಗೆ ಅಂಟಿಕೊಳ್ಳುತ್ತದೆ ಎಂದು ವಿವರಿಸಿದರು. ಜೇಬಿನಿಂದ ಎರಡು ತಂತಿ ಇರುವ ಸಣ್ಣ ಮೀಟರು ತೆಗೆದು ತುಂಡಿಗೆ ಮುಟ್ಟಿಸಿದರು. ಚೆನ್ನಾಗಿ ಬೆಂದ ಇದ್ದಿಲಿನಲ್ಲಿ ಇಂಗಾಲದ ಹಾಳೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಕರೆಂಟು ಹಾಯುತ್ತದೆ. ಅರೆಬೆಂದದ್ದರಲ್ಲಿ ಹಾಯುವುದಿಲ್ಲ ಎಂದರು.

ನನಗೆ ನಗು ಬಂತು. ಅದಕ್ಕೆ ಮೀಟರು ಯಾಕೆ ಎಂದೆ. ಹತ್ತು ತುಂಡು ತೆಗೆದುಕೊಂಡು ಒಂದೊಂದನ್ನೇ ಚಪ್ಪಡಿ ಕಲ್ಲಿನ ಮೇಲೆ ಹಾಕಿದೆ. ಬೆಂದದ್ದು ಟಣ್ ಎನ್ನುತ್ತದೆ, ಸ್ಟೀಲಿನ ಲೋಟದ ಹಾಗೆ. ಬೇಯದ್ದು ಡಬ್ ಎನ್ನುತ್ತದೆ. ಟಣ್ ಎಂದದ್ದನ್ನು ಬಲಕ್ಕೆ, ಡಬ್ ಎಂದದ್ದನ್ನು ಎಡಕ್ಕೆ ಇಟ್ಟೆ. ಅವರು ಎಲ್ಲಕ್ಕೂ ತಂತಿ ಮುಟ್ಟಿಸಿದರು. ಬಲಗಡೆಯದ್ದರಲ್ಲೆಲ್ಲ ಮುಳ್ಳು ಎದ್ದಿತು, ಎಡಗಡೆಯದ್ದರಲ್ಲಿ ಒಂದಕ್ಕೂ ಏಳಲಿಲ್ಲ. ಅವರು ಹೆಲ್ಮೆಟ್ ಕೆಳಗಿಟ್ಟು ನೆಲದಲ್ಲೇ ಕೂತುಬಿಟ್ಟರು.

"ಕಾಕ, ನಮ್ಮ ಸರ್ ದೊಡ್ಡ ಮಿಷನ್ನಲ್ಲಿ ನೋಡುವುದನ್ನು ನೀವು ಕಿವಿಯಲ್ಲಿ ನೋಡ್ತೀರಲ್ಲ ಮಾರಾಯ್ರೇ" ಎಂದರು.

ನನ್ನನ್ನು ಹೊಗಳಿ ಸರಕು ತೆಗೆದುಕೊಂಡು ಹೋದವರು ಬೇಕಾದಷ್ಟು ಮಂದಿ. ಆದರೆ ಓದಿದವರೊಬ್ಬರು ನನ್ನ ಕಿವಿಯನ್ನು ಹೊಗಳಿದ್ದು ಅದೇ ಮೊದಲು. ನಾನು ಕರಗಿದೆ, ನಿಜ. ಆದರೂ ಚೌಕಾಸಿ ಬಿಡಲಿಲ್ಲ. ಇದ್ದಿಲಿಗೆ ಹಣ ಬೇಡ, ನಾನೇ ಕಿವಿಯಲ್ಲಿ ಆರಿಸಿ ಕೊಡುತ್ತೇನೆ. ಬದಲಿಗೆ ನನಗೆ ಯಾವಾಗಲಾದರೂ ಕಾಲೇಜಿನಿಂದ ಪರೀಕ್ಷೆಯೋ ಕಾಗದವೋ ಬೇಕಾದರೆ ಮಾಡಿಕೊಡಬೇಕು, ಆಮೇಲೆ ಬರೆಯುವ ಪುಸ್ತಕದಲ್ಲಿ ನನ್ನ ಹೆಸರು ಇರಬೇಕು. ಅವರು ಕೈ ಕೊಟ್ಟರು. ಅವರ ಅಂಗೈ ನನ್ನ ಇದ್ದಿಲಿನಿಂದ ಕಪ್ಪಾಗಿತ್ತು.

ಅಲ್ಲಿಂದ ತಿಂಗಳಿಗೆ ಎರಡು ಸಲವಾದರೂ ಬರುತ್ತಿದ್ದರು. ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಊಟ. ನನ್ನ ಹೆಂಡತಿ ಅವರಿಗೆಂದೇ ತೆಳ್ಳಗಿನ ಅಕ್ಕಿರೊಟ್ಟಿ, ನಮ್ಮ ಪತ್ತಿರಿ, ತಟ್ಟಿ, ಕೋಳಿ ಸಾರು ಮಾಡುತ್ತಿದ್ದಳು. ಎರಡನೇ ತಿಂಗಳಿಗೇ 'ಅವರು' ಹೋಗಿ 'ಅವನು' ಆಯಿತು. ನಾನು 'ಮೋನೇ' ಎಂದು ಕರೆಯತೊಡಗಿದೆ. ನಮ್ಮ ಬ್ಯಾರಿ ಮಾತಿನಲ್ಲಿ ಮಗನೇ ಎಂದ ಹಾಗೆ. ಸ್ಕೂಟರ್ ಬದಲಿಸುವಾಗ ಯಾವ ಶೋರೂಮಿಗೆ ಹೋಗಬೇಕು, ಅತ್ತೆ ಮನೆಯವರ ಜೊತೆ ಜಾಗದ ವಿಷಯ ಹೇಗೆ ಎತ್ತಬೇಕು, ಎಲ್ಲ ನನ್ನನ್ನೇ ಕೇಳುತ್ತಿದ್ದ. ಕೇಳದಿದ್ದರೂ ನಾನು ಹೇಳುತ್ತಿದ್ದೆ.

ಆ ವರ್ಷದ ಮೊದಲ ಮಳೆ ಬಿದ್ದ ವಾರ ಟೀಚರ್ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ಬಾವಿಯ ನೀರಿಗೆ ಹೊಗೆಯ ವಾಸನೆ ಬರುತ್ತಿದೆ, ಅನ್ನ ಮಾಡಿದರೆ ಅನ್ನಕ್ಕೂ ಬರುತ್ತದೆ ಎಂದರು. ಮಳೆಗೆ ಎಲೆ ಕೊಳೆತು ಹಾಗಾಗಿರಬಹುದು ಎಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಲೆಕ್ಕ ತಪ್ಪು ಮಾಡಿ ತಪ್ಪೇ ಸರಿ ಎನ್ನುವ ಮಕ್ಕಳನ್ನು ನೋಡುವ ನೋಟ ಅದು.

ಮರುವಾರ ಪಂಚಾಯತಿಯಿಂದ ಕರೆ ಬಂತು. ಟೀಚರ್ ಅರ್ಜಿ ಕೊಟ್ಟಿದ್ದರು. ಅಲ್ಲಿನ ಅಧಿಕಾರಿ ನೇರ ಮಾತಿನವರು. ಬಾವಿ ನೀರು ಕೆಟ್ಟಿದ್ದರೆ ಭಟ್ಟಿ ನಿಲ್ಲಿಸಬೇಕು, ಕೆಟ್ಟಿಲ್ಲವಾದರೆ ಪರೀಕ್ಷೆಯ ಕಾಗದ ತಂದುಕೊಡಿ ಎಂದರು. ಭಟ್ಟಿ ನಿಂತರೆ ನಾನು ಪುನಃ ಸೈಕಲ್ಲಿಗೆ. ಇಪ್ಪತ್ತು ವರ್ಷದ ಗಿರಾಕಿ, ಕೇರಳದಿಂದ ಬರುವ ಲಾರಿ, ನನ್ನಲ್ಲಿ ಕೆಲಸ ಮಾಡುವ ನಾಲ್ಕು ಮನೆಯವರ ಒಲೆ, ಎಲ್ಲ ಆ ಒಂದು ಕಾಗದದ ಮೇಲೆ ನಿಂತಿತು. ನನಗೆ ಕೂಡಲೇ ಮೂಡಬಿದಿರೆ ನೆನಪಾಯಿತು. ಕಾಲೇಜಿನಲ್ಲೇ ಪರೀಕ್ಷೆ ಮಾಡಿಸುವ, ಒಂದು ಪೈಸೆ ಖರ್ಚಿಲ್ಲ ಎಂದು ಅಲ್ಲೇ ಹೇಳಿದೆ. ಟೀಚರಿಗೂ ಅದು ಒಪ್ಪಿಗೆಯಾಯಿತು.

ಮರುದಿನ ಬೆಳಿಗ್ಗೆ ಟೀಚರ್ ಅವರೇ ಬಾವಿಯಿಂದ ನೀರು ಸೇದಿ, ತೊಳೆದು ಒಣಗಿಸಿದ ಶರಬತ್ತಿನ ಬಾಟಲಿಯಲ್ಲಿ ತುಂಬಿಸಿ, ಬಾಯಿಗೆ ಬಟ್ಟೆಯ ತುಂಡು ಸುತ್ತಿ ಬಿರಡೆ ಬಿಗಿದು ನನ್ನ ಕೈಗೆ ಕೊಟ್ಟರು. ನಾನು ಕೊಂಡುಹೋಗುವುದಕ್ಕೆ ನಿಮ್ಮದೇನೂ ತೊಂದರೆ ಇಲ್ಲವಾ ಎಂದು ಕೇಳಿದೆ.

"ಮಕ್ಕಳನ್ನೇ ನೀವು ನನ್ನ ಕೈಗೆ ಕೊಟ್ಟಿದ್ರಿ" ಎಂದರು. "ಒಂದು ಬಾಟಲಿ ನಿಮ್ಮ ಕೈಗೆ ಕೊಡ್ಲಿಕ್ಕೆ ಎಂತ?"

ಪಿಕಪ್ಪು ರಿಪೇರಿಗೆ ಹೋಗಿತ್ತು, ಬಸ್ಸಿನಲ್ಲಿ ಹೊರಟೆ. ಬೆಳ್ತಂಗಡಿಯಲ್ಲಿ ಇಳಿದು ಹೋಟೆಲಿನಲ್ಲಿ ಚಹಾಕ್ಕೆ ಕೂತೆ. ಬಾಟಲಿ ಮೇಜಿನ ಮೇಲಿತ್ತು. ಬೆಳಕಿಗೆ ನೀರು ಒಂಚೂರು ಹಳದಿ ಕಂಡಿತು. ಬಿರಡೆ ತೆಗೆದು ಮೂಸಿದೆ. ನನ್ನದೇ ಭಟ್ಟಿಯ ವಾಸನೆ. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಾದ ವಾಸನೆ.

ಆಗ ನಾನು ಹೆಚ್ಚು ಯೋಚಿಸಲಿಲ್ಲ ಎಂದರೆ ನೀವು ನಂಬಬೇಕು. ಕೈ ತಾನಾಗಿ ಮಾಡಿತು. ನಲವತ್ತು ವರ್ಷ ಸ್ಯಾಂಪಲ್ ಆರಿಸಿದ ಕೈ. ಕೈತೊಳೆಯುವ ಜಾಗಕ್ಕೆ ಹೋಗಿ ಬಾಟಲಿ ಬಗ್ಗಿಸಿ, ಎರಡು ಸಲ ಕುಲುಕಿ ತೊಳೆದು, ಹೋಟೆಲಿನ ನಳ್ಳಿಯಿಂದ ತುಂಬಿಸಿದೆ. ಟೀಚರ್ ಸುತ್ತಿದ ಬಟ್ಟೆಯನ್ನು ಅವರು ಸುತ್ತಿದ ಹಾಗೆಯೇ ಸುತ್ತಿದೆ. ಒಳ್ಳೆಯದನ್ನು ಆರಿಸಿ ಕೊಡುತ್ತಿದ್ದೇನೆ, ನೋಡುವವರು ಬೇಕಾದಷ್ಟು ಕಳೆದುಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ಮೇಲಾಗಿ ಮೂಡಬಿದಿರೆ ಮುಟ್ಟುವಷ್ಟರಲ್ಲಿ ಅದು ಟೀಚರ್ ಬಾವಿಯ ನೀರೇ ಎಂದು ನನಗೇ ನಂಬಿಕೆ ಬಂದಿತ್ತು.

ಲ್ಯಾಬಿನಲ್ಲಿ ಅವನು ಗಾಜಿನ ನಳಿಗೆಗಳಲ್ಲಿ ಸ್ವಲ್ಪ ಸ್ವಲ್ಪ ನೀರು ಹಾಕಿ ಏನೇನೋ ಹನಿ ಬಿಟ್ಟ. ಒಂದರಲ್ಲಿ ನೀರು ಹಳದಿಯಾಯಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಕಾಕ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರಾ?"

"ಹೌದು ಮೋನೇ. ಮೊನ್ನೆ ಹಾಕಿದ್ರು" ಎಂದೆ.

ಅವನು ತಲೆಯಾಡಿಸಿದ. ಇನ್ನೇನೂ ಕೇಳಲಿಲ್ಲ. ನನಗೆ ಜೀವ ಬಂದ ಹಾಗಾಯಿತು. ವಾರ ಕಳೆದು ಕಾಗದ ತಂದುಕೊಟ್ಟ. ಕಾಲೇಜಿನ ಮೊಹರು, ಸಹಿ, ಕೊನೆಯಲ್ಲಿ 'ಕುಡಿಯಲು ಯೋಗ್ಯ'. ಪಂಚಾಯತಿಯ ಅಧಿಕಾರಿ ಓದಿ ಕಡತಕ್ಕೆ ಸೇರಿಸಿದರು. ಟೀಚರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅಲ್ಲಿಯವರೆಗೆ ಅವರು ರಸ್ತೆ ಬದಿಯ ನಳ್ಳಿಯಿಂದ ಕೊಡ ಹೊತ್ತು ತರುತ್ತಿದ್ದರು. ಕಾಗದ ನೋಡಿದ ಮೇಲೆ ಅದನ್ನು ನಿಲ್ಲಿಸಿ ಪುನಃ ಬಾವಿಯಿಂದಲೇ ಸೇದತೊಡಗಿದರು. ವಾಸನೆ ಬರುತ್ತದೆ ಎಂದು ಆಗೊಮ್ಮೆ ಈಗೊಮ್ಮೆ ಗೊಣಗಿದರೂ, ನನ್ನ ಮೂಗಿಗೇ ವಯಸ್ಸಾಯಿತೋ ಏನೋ ಎಂದು ಅವರೇ ಮುಗಿಸುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ. ಅವರು ಆ ನೀರು ಕುಡಿಯುತ್ತಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಭಟ್ಟಿ ಉರಿಸಿದೆ. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ನಾನು ಇನ್ನೊಂದು ಸ್ಯಾಂಪಲ್ ಆರಿಸಿ ಕೊಟ್ಟ ಹಾಗಾಗುತ್ತದೆ.

ಹೀಗೆ ಎರಡು ವರ್ಷ ಹೋಯಿತು. ಅವನು ಬರುತ್ತಲೇ ಇದ್ದ, ಉಣ್ಣುತ್ತಲೇ ಇದ್ದ, ಟಣ್ ಎನ್ನುವ ಇದ್ದಿಲನ್ನು ಚೀಲ ಚೀಲ ಒಯ್ಯುತ್ತಲೇ ಇದ್ದ. ಆ ಕಾಗದ ಕೊಟ್ಟಂದಿನಿಂದ ಟೀಚರ್ ಮನೆಗೂ ಹೋಗಿ ಬರುತ್ತಿದ್ದ. ಅವರ ಅಂಗಳದಲ್ಲಿ ಬಾವಿಯಿಂದ ನೀರು ಸೇದಿ ಸಣ್ಣ ಬಾಟಲಿಗಳಿಗೆ ತುಂಬುವುದನ್ನು ನಾನು ಬೇಲಿಯ ಈಚೆಯಿಂದ ನೋಡಿದ್ದೆ. ಎಂತಕ್ಕೆ ಎಂದು ಕೇಳಿದೆ. ಓದಿಗೆ ಬೇಕು, ಬೇರೆ ಬೇರೆ ಊರಿನ ಬಾವಿಗಳದ್ದೂ ತೆಗೀತಾ ಇದ್ದೇನೆ ಎಂದ. ಟೀಚರಿಗೂ ಹಾಗೇ ಹೇಳಿದ್ದನಂತೆ. ಟೀಚರಿಗೆ ಅವನನ್ನು ಕಂಡರೆ ಇಷ್ಟವಾಗಿದೆ, ಇನ್ನು ಅರ್ಜಿಗಿರ್ಜಿ ಇಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ನನ್ನ ಮೋನು ನನ್ನ ಕೆಲಸ ಮಾಡಿಕೊಡುತ್ತಿದ್ದಾನೆ ಎಂದುಕೊಂಡೆ.

ಕಳೆದ ವರ್ಷ ಪ್ರಬಂಧ ಮುಗಿಯಿತು. ಕೊನೆಯ ಮೌಖಿಕ ಪರೀಕ್ಷೆ ಇದೆ, ಯಾರು ಬೇಕಾದರೂ ಬಂದು ಕೂರಬಹುದು, ಕಾಕ ನೀವು ಬರಬೇಕು ಎಂದು ಫೋನು ಮಾಡಿದ. ನನ್ನ ಹೆಸರು ಪುಸ್ತಕದಲ್ಲಿ ಉಂಟಲ್ವಾ ಎಂದು ಕೇಳಿದೆ. ಉಂಟು ಎಂದ.

ಇಲ್ಲಿ ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಇಂಗ್ಲಿಷಿನಲ್ಲಿ ನಡೆಯುವ ಸಂಗತಿ, ನನಗೆ ಅರ್ಥವಾಗುವುದಿಲ್ಲ. ಟೀಚರಿಗೆ ಇಂಗ್ಲಿಷ್ ಬರುತ್ತದೆ. ದೊಡ್ಡ ದೊಡ್ಡ ಪ್ರೊಫೆಸರುಗಳ ಎದುರು ನನ್ನ ಇದ್ದಿಲನ್ನು ಹೊಗಳುವುದನ್ನು ಅವರು ಕಿವಿಯಾರೆ ಕೇಳಿದರೆ ಭಟ್ಟಿಯ ವಿಷಯದಲ್ಲಿ ಇನ್ನೆಂದೂ ಬಾಯಿ ತೆರೆಯಲಿಕ್ಕಿಲ್ಲ. ಬೇಲಿಯ ಹತ್ತಿರ ಹೋಗಿ, ಟೀಚರ್, ಮೂಡಬಿದಿರೆಗೆ ಹೋಗಿ ಬರುವ, ಪಿಕಪ್ಪಿನಲ್ಲೇ ಕರಕೊಂಡು ಹೋಗ್ತೇನೆ ಎಂದೆ.

"ಇದ್ದಿಲಿಗೆ ಸನ್ಮಾನವಾ ಸಾಹುಕಾರ್ರೇ?" ಎಂದು ನಕ್ಕರು. ಆದರೆ ಕಾಲೇಜು ನೋಡುವ ಆಸೆ ಅವರಿಗೂ ಇತ್ತು. ಇಸ್ತ್ರಿ ಹಾಕಿದ ಕಾಟನ್ ಸೀರೆ ಉಟ್ಟು ಬಂದರು. ನಾನು ಬಿಳಿ ಶರ್ಟು ಹಾಕಿದ್ದೆ. ನನ್ನ ಹೆಂಡತಿ ಅವನಿಗೆಂದು ಡಬ್ಬಿ ತುಂಬ ಪತ್ತಿರಿ ಕಟ್ಟಿಕೊಟ್ಟಿದ್ದಳು.

ಹಾಲಿನ ಹಿಂದಿನ ಸಾಲಿನಲ್ಲಿ ಕೂತೆವು. ಅವನು ಕೋಟು ಹಾಕಿದ್ದ. ಟೀಚರನ್ನು ಕಂಡ ಕೂಡಲೇ ಅವನ ಮುಖ ಒಮ್ಮೆ ಬಿಳಿಚಿತು. ಹೆದರಿಕೆಗೆ ಹಾಗಾಗಿರಬೇಕು ಎಂದುಕೊಂಡೆ. ಗೋಡೆಯ ಮೇಲೆ ಒಂದೊಂದೇ ಚಿತ್ರ ಬರತೊಡಗಿತು. ಇದ್ದಿಲಿನ ಒಳಗಿನ ಕಿಂಡಿಗಳು ಜೇನುಗೂಡಿನ ಹಾಗೆ ಕಂಡವು. ಅದು ನನ್ನ ಇದ್ದಿಲು ಎಂದು ಪಕ್ಕದಲ್ಲಿ ಕೂತವರಿಗೆ ಹೇಳಬೇಕೆನ್ನಿಸಿತು. ಗೆರೆಗಳು, ಅಂಕಿಗಳು. ಆಮೇಲೆ ಒಂದು ಫೋಟೋ ಬಂತು. ನನ್ನ ಡ್ರಮ್ಮುಗಳು. ಬದಿಯಲ್ಲಿ ನನ್ನ ಹಲಸಿನ ಮರ. ಮರದ ಬುಡದಿಂದ ತಗ್ಗಿನ ಕಡೆಗೆ ಕೆಂಪು ಬಾಣದ ಗುರುತು ಎಳೆದಿದ್ದರು. ಬಾಣದ ತುದಿಯಲ್ಲಿ ಒಂದು ಬಾವಿ, ಬಾವಿಯ ಕಟ್ಟೆಯ ಮೇಲೆ ಮಗುಚಿಟ್ಟ ನೀಲಿ ಪ್ಲಾಸ್ಟಿಕ್ ಬಕೆಟು.

ಟೀಚರ್ ಮುಂದಕ್ಕೆ ಬಾಗಿ ಓದುತ್ತಿದ್ದರು. ಅವರ ತುಟಿ ಅಲುಗುತ್ತಿತ್ತು.

"ಎಂತ ಬರ್ದಿದ್ದಾರೆ ಟೀಚರ್?" ಎಂದು ಕೇಳಿದೆ.

"ಮಲಿನಗೊಂಡ ಸ್ಥಳ ಅಂತ ಉಂಟು" ಎಂದರು ಮೆಲ್ಲಗೆ. ಆಮೇಲೆ, "ಅದು ನನ್ನ ಬಕೆಟ್" ಎಂದರು.

ಮುಂದಿನ ಚಿತ್ರಗಳನ್ನು ಅವರೇ ನನಗೆ ಕನ್ನಡದಲ್ಲಿ ಹೇಳಿದರು. ತರಗತಿಯಲ್ಲಿ ಹೇಳುವ ಹಾಗೆ, ದನಿ ಏರಿಸದೆ, ಇಳಿಸದೆ. ಭಟ್ಟಿಯ ಕಂದು ನೀರಿನಲ್ಲಿರುವ ವಿಷ ಮುರಕಲ್ಲಿನ ತೂತುಗಳ ಮೂಲಕ ಬಾವಿಗೆ ಇಳಿಯುತ್ತದೆ. ಮೊದಲ ಮಳೆಗೆ ಹೆಚ್ಚು. ಆ ಬಾವಿಯ ನೀರು ಕುಡಿಯಲು ಯೋಗ್ಯವಲ್ಲ. ಅದೇ ಭಟ್ಟಿಯ ಇದ್ದಿಲನ್ನು ಆರಿಸಿ, ತೊಳೆದು, ಒಂದು ಡ್ರಮ್ಮಿನಲ್ಲಿ ತುಂಬಿ ಆ ನೀರನ್ನು ಹಾಯಿಸಿದರೆ ವಿಷವೆಲ್ಲ ಇದ್ದಿಲಿಗೆ ಅಂಟಿ, ನೀರು ಶುದ್ಧವಾಗುತ್ತದೆ. ಇದು ಮೊದಲ ವರ್ಷದ ಪ್ರಯೋಗದಲ್ಲೇ ಗೊತ್ತಾಯಿತು, ಎರಡನೇ ವರ್ಷ ಅದನ್ನು ದೃಢಪಡಿಸಲಾಯಿತು. ಅಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾವಿಬ್ಬರು ತಟ್ಟಲಿಲ್ಲ.

ಮೊದಲ ವರ್ಷದಲ್ಲೇ. ಆ ಎರಡು ಪದ ನನ್ನ ಕಿವಿಯಲ್ಲಿ ಹಾಗೇ ಕೂತವು. ಮದ್ದು ಗೊತ್ತಿತ್ತು. ಮದ್ದು ನನ್ನದೇ ಸರಕು, ನನ್ನದೇ ಡ್ರಮ್ಮು. ಒಂದು ಮಾತು ಹೇಳಿದ್ದರೆ ಮರುದಿನವೇ ಟೀಚರ್ ಅಂಗಳದಲ್ಲಿ ನಿಲ್ಲಿಸಿಕೊಡುತ್ತಿದ್ದೆ.

ಹೊರಗೆ ಸಮೋಸ, ಚಹಾ ಹಂಚುತ್ತಿದ್ದರು. ಅವನೇ ನಮ್ಮ ಹತ್ತಿರ ಬಂದ. ಕೈಯಲ್ಲಿ ದಪ್ಪ ರಟ್ಟಿನ ಪುಸ್ತಕ, ನನಗೆಂದು ತಂದದ್ದು.

"ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಮೋನೇ ಎಂಬ ಮಾತು ಬಾಯಿಗೆ ಬರಲಿಲ್ಲ. "ಮೊದಲ ವರ್ಷವೇ ಗೊತ್ತಿತ್ತಲ್ಲ ಸರ್. ಯೋಗ್ಯ ಅಂತ ಪೇಪರ್ ಕೊಟ್ಟದ್ದು ನೀವೇ ಅಲ್ವಾ?"

ಅವನು ಟೀಚರ್ ಕಡೆ ಒಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಹೇಳಿದ:

"ಕಾಕ, ಆ ದಿನ ನೀವು ತಂದದ್ದು ಬಾವಿ ನೀರಲ್ಲ. ನಿಮ್ಮ ಗುಡ್ಡೆಯ ಬಾವಿಗಳ ನೀರಿಗೆಲ್ಲ ಒಂದು ಹುಳಿ ಗುಣ ಉಂಟು. ಅದರಲ್ಲಿ ಇರಲಿಲ್ಲ. ಪೇಟೆಯ ಕ್ಲೋರಿನ್ ಇತ್ತು. ನೀವು ತಂದ ನೀರು ಚೆನ್ನಾಗಿತ್ತು, ಅದನ್ನೇ ಬರೆದೆ. ಪೇಪರಿನಲ್ಲಿ ಉಂಟು, ನೋಡಿ. 'ತಂದುಕೊಟ್ಟವರ ಹೇಳಿಕೆಯ ಪ್ರಕಾರ' ಅಂತ."

ಆ ಸಾಲು ಇದ್ದದ್ದು ನಿಜ. ಯಾವ ಕರಾರು ಪತ್ರ ಕೊಟ್ಟರೂ ಕೊನೆಯ ಸಣ್ಣಕ್ಷರದವರೆಗೆ ಓದಿಸಿಕೊಂಡು ಹೆಬ್ಬೆಟ್ಟಿನಷ್ಟೂ ಜಾಗ ಬಿಡದವನು ನಾನು. ಆ ಕಾಗದವನ್ನು ಮಾತ್ರ ಕೊನೆಯ ಎರಡು ಪದ ನೋಡಿ ಮಡಚಿ ಜೇಬಿಗೆ ಹಾಕಿದ್ದೆ. ಈಗ ನನ್ನಿಂದ ಯಾರಾದರೂ ಬುದ್ಧಿಮಾತು ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ: ನಿಮ್ಮ ವಿರುದ್ಧ ಬರೆದ ಕಾಗದವನ್ನು ಒಂದು ಸಲ ಓದಿದರೆ ಸಾಕು, ನಿಮಗೆ ಅನುಕೂಲವಾಗಿ ಬರೆದದ್ದನ್ನು ಮೂರು ಸಲ ಓದಿ.

"ಅವತ್ತೇ ಗೊತ್ತಿದ್ರೆ ಅವತ್ತೇ ನನಗೆ ಬೈಬಹುದಿತ್ತು" ಎಂದೆ.

ಅವನು ಪುಸ್ತಕದ ಅಂಚನ್ನು ಉಗುರಿನಲ್ಲಿ ಕೆರೆಯುತ್ತಾ ನಿಂತ. "ಭಟ್ಟಿ ನಿಂತ್ರೆ ನನ್ನ ಕೆಲಸ ಅರ್ಧದಲ್ಲಿ ನಿಲ್ತಿತ್ತು ಕಾಕ. ಅದೇ ಕೈಯ ಇದ್ದಿಲು ಬೇಕಿತ್ತು. ಆ ಬಾವಿಯೂ ಹಾಗೇ ಇರ್ಬೇಕಿತ್ತು, ಎರಡು ಮಳೆಗಾಲ."

ಟೀಚರ್ ಇಷ್ಟು ಹೊತ್ತು ಚಹಾದ ಲೋಟ ಹಿಡಿದುಕೊಂಡು ನಿಂತಿದ್ದರು, ಕುಡಿದಿರಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟರು.

"ಆ ಎರಡು ಮಳೆಗಾಲ ನಾನು ಅದನ್ನೇ ಕುಡ್ದಿದ್ದೇನೆ" ಎಂದರು. ಅವನಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

ವಾಪಸು ಬರುವಾಗ ಪಿಕಪ್ಪಿನಲ್ಲಿ ಪತ್ತಿರಿಯ ಡಬ್ಬಿ ನಮ್ಮಿಬ್ಬರ ನಡುವೆ ಕೂತಿತ್ತು, ಬಿಚ್ಚದೆ. ವೇಣೂರು ದಾಟಿದ ಮೇಲೆ ನಾನೇ ಶುರು ಮಾಡಿದೆ. ಅವನು ನನ್ನ ಮನೆಯಲ್ಲಿ ಉಂಡದ್ದು, ನಾನು ಕಿವಿಯಿಟ್ಟು ಆರಿಸಿಕೊಟ್ಟ ಚೀಲಗಳು, ಎಲ್ಲ ಹೇಳಿದೆ. ಬೆನ್ನಿಗೆ ಇರಿದ ಎಂದೆ. ಟೀಚರ್ ಕಿಟಕಿಯ ಕಡೆ ನೋಡುತ್ತಿದ್ದರು. ಗುರುವಾಯನಕೆರೆಯಲ್ಲಿ ಗಾಡಿ ನಿಲ್ಲಿಸಲು ಹೇಳಿ, ಅಂಗಡಿಗೆ ಹೋಗಿ ಒಂದು ದೊಡ್ಡ ಕ್ಯಾನು ನೀರು ಕೊಂಡರು. ಎತ್ತಿ ಇಡಲು ನಾನು ಇಳಿದೆ. ಬೇಡ ಎಂದು ಅಂಗಡಿಯವರಿಂದಲೇ ಇಡಿಸಿದರು.

"ಅವರು ನಿಮಗೆ ಮಾಡಿದ್ದು ನೀವು ನನಗೆ ಹೇಳ್ತಾ ಇದ್ದೀರಿ" ಎಂದರು, ಗಾಡಿ ಹೊರಟ ಮೇಲೆ. "ನನ್ನ ಬಾಟಲಿಯ ನೀರು ಎಲ್ಲಿ ಚೆಲ್ಲಿದ್ರಿ?"

"ಬೆಳ್ತಂಗಡಿಯಲ್ಲಿ" ಎಂದೆ. "ಹೋಟೆಲಿನಲ್ಲಿ."

ಅವರು ಹೂಂ ಎಂದರು. ಬೆಳ್ತಂಗಡಿ ಬಂದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲುಗಳ ಸಾಲನ್ನು ಒಂದೊಂದಾಗಿ ನೋಡಿದರು. ಇದಾ, ಅದಾ ಎಂದು ಕೇಳಲಿಲ್ಲ.

ಅವರು ಪುನಃ ಅರ್ಜಿ ಕೊಡುತ್ತಾರೆ ಎಂದು ನಾನು ಕಾದೆ. ಕೊಡಲಿಲ್ಲ. ಮೂರನೇ ದಿನ ನಾನೇ ಪಂಚಾಯತಿಗೆ ಹೋಗಿ, ಹಳೆಯ ಕಾಗದ ಸರಿಯಿಲ್ಲ, ನೀರು ನಾನು ಬದಲಿಸಿದ್ದು ಎಂದು ಹೇಳಿ ಬರೆದುಕೊಟ್ಟೆ. ಅಧಿಕಾರಿ ಎರಡು ಸಲ ಕೇಳಿದರು, ನಿಜವಾ ಎಂದು. ಜೀವನದಲ್ಲಿ ಒಮ್ಮೆ ಚೌಕಾಸಿ ಇಲ್ಲದೆ ಒಂದು ವ್ಯವಹಾರ ಮುಗಿಸಿದ್ದೇನೆ, ಅದು ಅದೇ. ಭಟ್ಟಿ ನಿಂತಿತು. ಈಗ ನಾನು ಗೆರಟೆಯನ್ನು ಹಸಿಯಾಗಿಯೇ ಕೊಂಡು, ಹಸಿಯಾಗಿಯೇ ಲಾರಿಗೆ ತುಂಬುತ್ತೇನೆ. ಸುಡುವವರು ಬೇರೆ ಎಲ್ಲೋ ಸುಡುತ್ತಾರೆ, ಅಲ್ಲಿ ಅದರ ಕಂದು ನೀರು ಯಾರ ಬಾವಿಗೆ ಇಳಿಯುತ್ತದೋ ನನಗೆ ಗೊತ್ತಿಲ್ಲ. ಕೆಲಸದ ನಾಲ್ವರಲ್ಲಿ ಇಬ್ಬರು ಉಳಿದಿದ್ದಾರೆ.

ಪುಸ್ತಕ ಮನೆಯಲ್ಲಿದೆ. ಮಗಳು ಹುಡುಕಿ ಓದಿ ಹೇಳಿದಳು. ಧನ್ಯವಾದ ಹೇಳುವ ಪುಟದಲ್ಲಿ ಪ್ರೊಫೆಸರುಗಳು, ಲ್ಯಾಬಿನವರು, ಅತ್ತೆ ಮಾವ ಎಲ್ಲರ ಹೆಸರೂ ಇದೆ. ಕೊನೆಯ ಸಾಲಿನಲ್ಲಿ 'ಇದ್ದಿಲು ಒದಗಿಸಿದ ಸ್ಥಳೀಯ ಪೂರೈಕೆದಾರರಿಗೆ' ಎಂದಿದೆ. ಮಲಿನ ಸ್ಥಳದ ಮಾಲೀಕನ ಹೆಸರು ಹಾಕದೆ ಉಪಕಾರವೇ ಮಾಡಿದ್ದಾನೆ ಎನ್ನುತ್ತಾಳೆ ಮಗಳು. ಇರಬಹುದು. ಹಬ್ಬಕ್ಕೆ ಅವನ ಮೆಸೇಜು ಬರುತ್ತದೆ. ನಾನು ನೋಡುತ್ತೇನೆ, ಉತ್ತರ ಕೊಡುವುದಿಲ್ಲ. ಹೆಂಡತಿ ಪತ್ತಿರಿ ತಟ್ಟುವಾಗ ಒಮ್ಮೊಮ್ಮೆ, ಅವನು ಹೇಗಿದ್ದಾನಂತೆ ಎಂದು ಕೇಳುತ್ತಾಳೆ. ಅದಕ್ಕೂ ಉತ್ತರ ಕೊಡುವುದಿಲ್ಲ.

ಭಟ್ಟಿಯ ಕೊನೆಯ ಇದ್ದಿಲನ್ನು ನಾನು ಮಾರದೆ ಚೀಲಗಳಲ್ಲಿ ಕೂಡಿಟ್ಟೆ. ಪುಸ್ತಕದಲ್ಲಿದ್ದ ಚಿತ್ರವನ್ನು ಮಗಳಿಂದ ಓದಿಸಿಕೊಂಡು, ಹೊಸ ಪ್ಲಾಸ್ಟಿಕ್ ಡ್ರಮ್ಮು ತಂದು, ಕೆಳಗೆ ಜಲ್ಲಿ, ಮೇಲೆ ಮರಳು, ನಡುವೆ ತೊಳೆದ ಇದ್ದಿಲು ತುಂಬಿ ಟೀಚರ್ ಅಂಗಳದಲ್ಲಿ ನಿಲ್ಲಿಸಿದೆ. ಅವರು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಇದ್ದಿಲು ಸೋತುಹೋಗುವ ಮೊದಲು ಬದಲಿಸಬೇಕು. ಅದಕ್ಕೆ ತಿಂಗಳಿಗೊಮ್ಮೆ ಹೋಗುತ್ತೇನೆ. ಅವರ ಬಾವಿಕಟ್ಟೆಯ ಕಲ್ಲಿನ ಮೇಲೆ ಒಂದೊಂದೇ ತುಂಡು ಹಾಕಿ, ಟಣ್ ಎಂದದ್ದನ್ನು ಮಾತ್ರ ಒಳಗೆ ಹಾಕುತ್ತೇನೆ. ಈ ಒಂದು ಕಡೆ ಆರಿಸಿದ ಸ್ಯಾಂಪಲ್ಲೇ ಪೂರ್ತಿ ಸರಕು.

ಪರೀಕ್ಷೆಗೆ ನೀರು ಕಳಿಸುವಾಗ ಬಾಟಲಿಯನ್ನು ಅವರು ನನ್ನ ಕೈಗೆ ಕೊಡುವುದಿಲ್ಲ. ಆಶಾ ಕಾರ್ಯಕರ್ತೆ ಬಂದು ಒಯ್ಯುತ್ತಾಳೆ. ಎರಡು ಸಲ ಚೆನ್ನಾಗಿದೆ ಎಂದು ಬಂದಿದೆಯಂತೆ. ಅವಳೇ ರಸ್ತೆಯಲ್ಲಿ ಸಿಕ್ಕಾಗ ಹೇಳಿದ್ದು. ಆದರೂ ನಾನು ಇದ್ದಿಲು ಬದಲಿಸಿ ಮುಗಿಸಿದ ಮೇಲೆ ಟೀಚರ್ ಆ ಡ್ರಮ್ಮಿನ ನಳ್ಳಿಯ ಅಡಿಗೆ ಲೋಟ ಹಿಡಿಯುತ್ತಾರೆ. ಮೊದಲು ಮೂಸುತ್ತಾರೆ, ನನ್ನ ಎದುರೇ, ಅವಸರವಿಲ್ಲದೆ. ಆಮೇಲೆ ಲೋಟ ಹಿಡಿದುಕೊಂಡು ಒಳಗೆ ಹೋಗುತ್ತಾರೆ. ಕುಡಿಯುತ್ತಾರೋ ಚೆಲ್ಲುತ್ತಾರೋ ನನಗೆ ಕಾಣುವುದಿಲ್ಲ. ನಾನು ಖಾಲಿ ಚೀಲ ಕೊಡವಿ, ಮಡಚಿ, ಬೇಲಿ ದಾಟುತ್ತೇನೆ.